ಎಡಗಾಲಿನ ಅರ್ಧ ಇಂಚು

ಆಸ್ಪತ್ರೆಯ ಮೂರನೆಯ ಮಹಡಿ, ಲಿಫ್ಟಿನ ಎದುರಿನ ಬೆಂಚು
ಹದಿನಾಲ್ಕನೆಯ ತಾರೀಕು, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ಮೆಣಸಿನಕಾಯಿಗೆ,

ಅಪ್ಪನ ಆಶೀರ್ವಾದ. ಹೇಗಿದ್ದೀಯ ತಾಯಿ? ಹಡಗು ಓಲಾಡಿದಾಗ ಹೊಟ್ಟೆ ತೊಳಸುವುದು ಈಗಲಾದರೂ ನಿಂತಿದೆಯೇ? ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡೆ ಎಂದು ಅಮ್ಮನಿಗೆ ಬರೆದಿದ್ದೆಯಲ್ಲ, ವಾಸಿಯಾಯಿತೇ? ನಿನ್ನ ಪತ್ರಗಳನ್ನು ನಾನು ಮುಟ್ಟುವುದಿಲ್ಲ. ಆದರೆ ನಿಮ್ಮಮ್ಮ ಗಟ್ಟಿಯಾಗಿ ಓದುತ್ತಾಳೆ, ನಾನೇನು ಕಿವಿಗೆ ಹತ್ತಿ ತುರುಕಿಕೊಂಡು ಕೂರಲೇ? ಕೊನೆಗೆ ‘ಅಪ್ಪನ್ನ ಕೇಳಿದೆ ಅಂತ ಹೇಳು’ ಎಂದು ಓದುತ್ತಾಳೆ. ಆ ಸಾಲು ನೀನು ಬರೆದದ್ದಲ್ಲ, ಅವಳು ಸೇರಿಸುವುದು. ಅಲ್ಲಿಗೆ ಬಂದಾಗ ಅವಳ ಕಣ್ಣು ಹಾಳೆಯ ಮೇಲೆ ಇರುವುದೇ ಇಲ್ಲ. ಮೂರು ವರ್ಷದಿಂದ ಹೀಗೇ ನಡೆದಿದೆ. ಇರಲಿ ಬಿಡು, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೇಲೆ ಆಸ್ಪತ್ರೆ ಎಂದು ಓದಿದ ತಕ್ಷಣ ನಿನ್ನ ಎದೆ ಧಸಕ್ಕೆಂದಿರುತ್ತದೆ. ಮೊದಲು ಕೂತುಕೋ. ಅಮ್ಮ ಇದ್ದಾಳೆ, ಮಾತಾಡುತ್ತಾಳೆ, ಬಯ್ಯುತ್ತಾಳೆ, ಇವತ್ತು ಬೆಳಿಗ್ಗೆ ಗಂಜಿ ತೆಳುವಾಯಿತೆಂದು ನರ್ಸಮ್ಮನ ಮೇಲೆ ರೇಗಿದ್ದೂ ಆಯಿತು. ಮೂರನೆಯ ತಾರೀಕು ಶುಕ್ರವಾರ ಅವಳಿಗೆ ಬೆನ್ನುಹುರಿಯ ಹತ್ತಿರ ದೊಡ್ಡ ಆಪರೇಷನ್ ಆಯಿತು. ಒಂದು ಗಡ್ಡೆ ಇತ್ತು, ತೆಗೆದರು. ಕ್ಯಾನ್ಸರ್ ಅಲ್ಲ. ಇನ್ನೊಮ್ಮೆ ಬರೆಯುತ್ತೇನೆ, ಕ್ಯಾನ್ಸರ್ ಅಲ್ಲ. ನಿನಗೆ ಮೊದಲೇ ತಿಳಿಸಬೇಕಿತ್ತು. ಬೇಡವೇ ಬೇಡ ಎಂದಳು. ‘ಅವಳು ನಡುನೀರಲ್ಲಿದಾಳೆ, ಹೇಳಿದ್ರೆ ಈಜಿಕೊಂಡು ಬರ್ತಾಳಾ? ಸುಮ್ನೆ ಅಲ್ಲಿ ಕೂತು ಅಳ್ತಾಳೆ’ ಎಂದಳು. ರಿಪೋರ್ಟ್ ಕೈಗೆ ಬಂದ ಮೇಲೆ ಬರೆಯಿರಿ ಎಂದಿದ್ದಳು. ನಿನ್ನೆ ಸಂಜೆ ಬಂತು. ಅದಕ್ಕೇ ಇವತ್ತು ಬರೆಯಲು ಕೂತೆ. ನಿಮ್ಮ ಕಂಪನಿಯ ಆಫೀಸಿಗೆ ಹಾಕಿದರೆ ಮುಂದಿನ ಬಂದರಿನಲ್ಲಿ ನಿನ್ನ ಕೈ ಸೇರುತ್ತದಂತೆ. ಇಪ್ಪತ್ತೊಂಬತ್ತು ವರ್ಷ ಊರವರ ಪತ್ರಗಳನ್ನೆಲ್ಲ ಮನೆಮನೆಗೆ ನಡೆದು ತಲುಪಿಸಿದವಳು ನಿಮ್ಮಮ್ಮ. ಅವಳ ಕಾಲಿನ ಬಗ್ಗೆ ಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಂತು ನೋಡು.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಎಂಟು ತಿಂಗಳ ಹಿಂದೆ ಒಂದು ದಿನ ಅಮ್ಮ ಮಾರ್ಕೆಟ್ಟಿನಿಂದ ಬಂದಳು. ಹಿಂದೆಯೇ ಕೆಳಗಿನ ಮನೆಯಾಕೆ ಒಂದು ಚಪ್ಪಲಿ ಹಿಡಿದುಕೊಂಡು ಬಂದರು, ಎಡಗಾಲಿನದು. ಮೊದಲನೆಯ ಮೆಟ್ಟಿಲಲ್ಲೇ ಕಳಚಿ ಬಿದ್ದಿತ್ತು. ನಿಮ್ಮಮ್ಮ ಒಂದು ಚಪ್ಪಲಿಯಲ್ಲಿ ಮೂರು ಮಹಡಿ ಹತ್ತಿದ್ದಾಳೆ, ಗೊತ್ತೇ ಆಗಿಲ್ಲ! ಇಬ್ಬರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮಂಡಿನೋವು ಎಂದಳು, ಎಣ್ಣೆ ಹಚ್ಚಿದೆವು. ಸೊಂಟ ಹಿಡಿಯುತ್ತದೆ ಎಂದಳು, ಮೂಳೆ ಡಾಕ್ಟರು ಸೊಂಟಕ್ಕೆ ಬೆಲ್ಟು ಕೊಟ್ಟರು. ಸೊಂಟದ ಸ್ಕ್ಯಾನ್ ತೆಗೆಸಿ ‘ವಯಸ್ಸಾಯ್ತಲ್ಲಮ್ಮಾ, ಸ್ವಲ್ಪ ಸವೆದಿದೆ ಅಷ್ಟೇ’ ಎಂದರು. ಅವಳಿಗೆ ಅದೇ ಬೇಕಾಗಿತ್ತು. ಬೆಲ್ಟು ಕಟ್ಟಿಕೊಂಡು ಮತ್ತೆ ಟಪಾಲು ಚೀಲ ಹೆಗಲಿಗೇರಿಸಿದಳು.

ಕಳೆದ ತಿಂಗಳು ಶಾಲೆಯ ಹಿಂದಿನ ಬೀದಿಯಲ್ಲಿ ಬಿದ್ದಳು. ಕಲ್ಲು ಎಡವಿದ್ದಲ್ಲ, ಯಾರೂ ತಳ್ಳಿದ್ದಲ್ಲ, ಎಡಗಾಲು ನೆಲ ಬಿಟ್ಟು ಮೇಲೇಳಲೇ ಇಲ್ಲವಂತೆ. ಪತ್ರಗಳೆಲ್ಲ ರಸ್ತೆ ತುಂಬ ಚೆಲ್ಲಾಪಿಲ್ಲಿ. ಎತ್ತಲು ಬಂದ ನಾಲ್ಕು ಜನರನ್ನೂ ತಡೆದು, ಬಿದ್ದಲ್ಲೇ ಕೂತು, ಅಷ್ಟನ್ನೂ ಮನೆ ನಂಬರಿನ ಪ್ರಕಾರ ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಆಮೇಲೆ ‘ಈಗ ಎತ್ರಪ್ಪ’ ಎಂದಳಂತೆ. ನಿಮ್ಮಮ್ಮ ಅಂದರೆ ಅಷ್ಟೇ! ಪೋಸ್ಟ್ ಮಾಸ್ಟರು ಅವಳ ಮಾತು ಕೇಳದೆ ಸೀದಾ ಈ ಆಸ್ಪತ್ರೆಗೆ ಕರೆತಂದರು, ನನ್ನ ಅಂಗಡಿಗೆ ಆಳು ಕಳಿಸಿದರು. ಯಾರದೋ ಕೋಟಿನ ತೋಳು ಮೆಷಿನ್ನಿನಲ್ಲಿ ಅರ್ಧಕ್ಕೇ ಬಿಟ್ಟು ಓಡಿದೆ. ಆ ತೋಳು ಇನ್ನೂ ಸೂಜಿಯ ಕೆಳಗೇ ಇದೆ.

ಇಲ್ಲಿ ಒಬ್ಬ ಹುಡುಗಿ ಡಾಕ್ಟರು ನೋಡಿದರು. ನಿನಗಿಂತ ಎರಡು ವರ್ಷ ದೊಡ್ಡವರಿರಬಹುದು, ಮುಖದಲ್ಲಿ ನಿದ್ದೆಯೇ ಇಲ್ಲ. ಬೀಗದ ಕೈಯಿಂದ ಅಮ್ಮನ ಎಡಗಾಲಿನ ಅಂಗಾಲಿಗೆ ಗೀರಿದರು. ಎಲ್ಲರಿಗೂ ಹೆಬ್ಬೆರಳು ಕೆಳಗೆ ಮಡಚುತ್ತದಂತೆ, ಅಮ್ಮನದು ಮೇಲಕ್ಕೆ ಎದ್ದಿತು. ಆ ಡಾಕ್ಟರ ಮುಖ ಅಲ್ಲೇ ಬದಲಾಯಿತು. ಒಂದು ಗುಂಡುಸೂಜಿ ತಗೊಂಡು ಪಾದದಿಂದ ಮೇಲಕ್ಕೆ ಚುಚ್ಚುತ್ತಾ ‘ಇಲ್ಲಿ ಚುಚ್ಚುತ್ತಾ? ಇಲ್ಲಿ? ಇಲ್ಲಿ?’ ಎಂದು ಕೇಳುತ್ತಾ ಬಂದರು. ಮಂಡಿ ದಾಟಿತು, ಸೊಂಟ ದಾಟಿತು, ಹೊಟ್ಟೆ ದಾಟಿತು, ಅಮ್ಮ ‘ಮುಟ್ಟಿದ ಹಾಗೆ ಆಗುತ್ತೆ, ಚೂಪು ಗೊತ್ತಾಗಲ್ಲ’ ಎನ್ನುತ್ತಲೇ ಇದ್ದಳು. ಎದೆಯ ಕೆಳಗೆ ಬಂದಾಗ ‘ಅಯ್ಯೋ’ ಎಂದು ಕಿರುಚಿದಳು. ಡಾಕ್ಟರು ಅಲ್ಲಿಗೆ ಪೆನ್ನಿನಿಂದ ಒಂದು ಗೆರೆ ಎಳೆದರು. ನಾನು ಜೀವಮಾನವಿಡೀ ಬಟ್ಟೆಯ ಮೇಲೆ ಗೆರೆ ಎಳೆದವನು. ಆ ಒಂದು ಗೆರೆಯಿಂದ ಮಾತ್ರ ಕಣ್ಣು ಬೇರೆ ಕಡೆ ತಿರುಗಿಸಿದೆ. ಇಷ್ಟು ದಿನ ಸೊಂಟದಲ್ಲಿ ಹುಡುಕಿದ ಕಳ್ಳ ಎದೆಯ ಹಿಂದೆ ಆರಾಮಾಗಿ ಕೂತಿದ್ದ.

ದೊಡ್ಡ ಡಾಕ್ಟರು, ಅಂದರೆ ಆಪರೇಷನ್ ಮಾಡಿದವರು, ನಮಗೆ ಅರ್ಥವಾಗುವ ಹಾಗೆ ಹೇಳಿದರು. ಬೆನ್ನುಮೂಳೆಯೊಳಗೆ ನರಗಳ ಹುರಿ ಇರುತ್ತದೆ, ಅದಕ್ಕೊಂದು ಪೊರೆಯ ಚೀಲ. ಆ ಪೊರೆಯ ಒಳಮೈಯಿಂದಲೇ ಒಂದು ಗಡ್ಡೆ ಹುಟ್ಟಿ, ನಿಧಾನವಾಗಿ, ವರ್ಷಕ್ಕೆ ಅಕ್ಕಿಕಾಳಿನಷ್ಟೂ ಅಲ್ಲ, ಬೆಳೆಯುತ್ತಾ ಹುರಿಯನ್ನು ಒಂದು ಪಕ್ಕಕ್ಕೆ ಒತ್ತಿದೆ. ದುಂಡಗಿರಬೇಕಾದ ಹುರಿ ಪಟ್ಟಿಯಾಗಿಬಿಟ್ಟಿದೆ. ಸ್ಕ್ಯಾನಿನಲ್ಲಿ ತೋರಿಸಿದರು, ನಾನೂ ನೋಡಿದೆ. ಲಕ್ಷ ಜನರಲ್ಲಿ ಒಬ್ಬರಿಗೆ ಬಂದರೆ ಹೆಚ್ಚಂತೆ. ‘ಇಷ್ಟು ವರ್ಷ ಲಾಟರಿ ಒಂದೂ ಹೊಡೀಲಿಲ್ಲ, ಇದು ಹೊಡೀತು ನೋಡಿ’ ಎಂದಳು ನಿಮ್ಮಮ್ಮ. ದೊಡ್ಡ ಡಾಕ್ಟರು ನಗಲಿಲ್ಲ. ಹಾಗೇ ಬಿಟ್ಟರೆ ಎರಡೂ ಕಾಲು ಹೋಗುತ್ತದೆ, ಮೂತ್ರದ ಹಿಡಿತವೂ ಹೋಗುತ್ತದೆ, ತೆಗೆದರೆ ಹೆಚ್ಚಿನವರು ನಡೆಯುತ್ತಾರೆ, ಆದರೆ ಹುರಿ ಈಗಾಗಲೇ ತೆಳುವಾಗಿದೆ, ಕೈ ಇಟ್ಟಾಗ ಇನ್ನಷ್ಟು ಕೆಡಲೂಬಹುದು ಎಂದರು. ಆಮೇಲೆ ‘ಎಷ್ಟು ದಿನದಿಂದ ಹೀಗಿದೆ? ಸರಿಯಾಗಿ ನೆನಪು ಮಾಡ್ಕೊಳ್ಳಿ’ ಎಂದು ಕೇಳಿದರು. ಅಮ್ಮ ತಡಮಾಡಲೇ ಇಲ್ಲ. ‘ಇದೇ ಎಂಟು ತಿಂಗಳಿಂದ ಡಾಕ್ಟ್ರೇ. ಅದಕ್ಕೂ ಮುಂಚೆ ಏನಾದ್ರೂ ಇದ್ದಿದ್ರೆ ಇವರ ಕಣ್ಣಿಗೆ ಬೀಳ್ದೆ ಇರ್ತಿತ್ತಾ? ಇವರು ಟೈಲರು. ಬೀದೀಲಿ ಹೋಗೋರ ಭುಜ ಒಂದು ಎಳೆಯಷ್ಟು ಇಳಿದಿದ್ರೂ ಹೇಳ್ತಾರೆ’ ಎಂದಳು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಆಪರೇಷನ್ ದಿನ ಬೆಳಿಗ್ಗೆ ಏಳಕ್ಕೆ ಒಳಗೆ ಕರೆದುಕೊಂಡು ಹೋದರು. ತಳ್ಳುಮಂಚದ ಮೇಲೆ ಮಲಗಿಕೊಂಡೇ ನನ್ನ ಶರ್ಟಿನ ಕಾಲರ್ ಸರಿಮಾಡಿ ‘ತಿಂಡಿ ತಿನ್ನಿ, ಹಸ್ಕೊಂಡು ಕೂತ್ರೆ ಅಲ್ಲಿ ಯಾರೂ ಮೆಡಲ್ ಕೊಡಲ್ಲ’ ಎಂದಳು. ಆರೂವರೆ ಗಂಟೆ, ಮಗಳೇ. ಈ ಬೆಂಚಿನ ಮೇಲೆ ಆರೂವರೆ ಗಂಟೆ ಕೂತಿದ್ದೆ. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಪಕ್ಕದಲ್ಲಿ ಒಬ್ಬ ಲಾರಿ ಡ್ರೈವರು, ಅವನ ತಮ್ಮನಿಗೂ ಏನೋ ಆಪರೇಷನ್. ಅವನ ಕೋಟಿನ ಎರಡನೆಯ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಎರಡು ಗಂಟೆ ತಡೆದುಕೊಂಡೆ, ಆಮೇಲೆ ಆಗಲಿಲ್ಲ. ‘ಬಿಚ್ಚಿ ಕೊಡಯ್ಯಾ ಇಲ್ಲಿ’ ಎಂದು ಕೇಳಿ ಜೇಬಿನಿಂದ ಸೂಜಿದಾರ ತೆಗೆದೆ. ಒಂದು ಗುಂಡಿಗೆ ಹೋಗಿ ನಾಲ್ಕನ್ನೂ ಬಿಚ್ಚಿ ಹೊಸದಾಗಿ ಹಾಕಿದೆ. ಪಾಪ, ಅವನು ಅಷ್ಟು ಹೊತ್ತೂ ಬನಿಯನ್ನಿನಲ್ಲಿ ಕೂತಿದ್ದ.

ಒಂದೂವರೆಗೆ ದೊಡ್ಡ ಡಾಕ್ಟರು ಹೊರಗೆ ಬಂದರು, ತಲೆಯ ಟೋಪಿಯೂ ತೆಗೆದಿರಲಿಲ್ಲ. ಹೆಗಲ ಮೂಳೆಗಳ ನಡುವೆ ಕೊಯ್ದು, ಎರಡು ಮೂಳೆಗಳ ಹಿಂಭಾಗ ತೆಗೆದು, ಪೊರೆ ಸೀಳಿ, ದುರ್ಬೀನಿನಂಥದ್ದರಲ್ಲಿ ನೋಡುತ್ತಾ ಮೊದಲು ಗಡ್ಡೆಯ ಒಳಗನ್ನು ಟೊಳ್ಳು ಮಾಡಿ, ಆಮೇಲೆ ಸಿಪ್ಪೆಯನ್ನು ಹುರಿಯಿಂದ ಎಳೆಎಳೆಯಾಗಿ ಬಿಡಿಸಿದರಂತೆ. ಕೋಟಿನ ಗುಂಡಿಯಷ್ಟು ಅಗಲ. ಪೂರ್ತಿ ಬಂತು ಎಂದರು. ಪೊರೆಯನ್ನು ಒಳಗಿನ ನೀರು ಒಂದು ಹನಿಯೂ ಸೋರದ ಹಾಗೆ ಹೊಲಿದಿದ್ದೇವೆ, ಮೂರು ದಿನ ಅಂಗಾತ ಮಲಗಿರಬೇಕು, ತಲೆ ಎತ್ತಬಾರದು ಎಂದರು. ನಿಮ್ಮಮ್ಮ, ಮೂರು ದಿನ ಅಲ್ಲಾಡದೆ! ಎಚ್ಚರವಾದ ಮೇಲೆ ಮೊದಲು ಕೇಳಿದ್ದು ನನ್ನನ್ನಲ್ಲ, ನಿನ್ನನ್ನೂ ಅಲ್ಲ, ‘ಇವತ್ತಿನ ಟಪಾಲು ಯಾರು ಹಂಚಿದ್ರು?’ ಎಂದು. ಎರಡನೆಯ ದಿನ ತಲೆನೋವಿನಿಂದ ಒದ್ದಾಡಿದಳು. ಚಾವಣಿಯಲ್ಲಿರುವ ತೂತುಗಳನ್ನೆಲ್ಲ ಎಣಿಸಿ ಮುಗಿಸಿದಳು. ನಾನು ಸ್ಪಂಜಿನಿಂದ ತುಟಿ ಒರೆಸುತ್ತಾ ಕೂತಿದ್ದೆ.

ಆರನೆಯ ದಿನ ಬೆನ್ನಿನ ಪಟ್ಟಿ ಬದಲಾಯಿಸುವಾಗ ಹೊಲಿಗೆ ನೋಡಿದೆ. ನರ್ಸಮ್ಮ ಬೇಡ ಎಂದರೂ ಬಿಡಲಿಲ್ಲ, ನಮ್ಮ ಕಸುಬಲ್ಲವೇ. ಒಂದು ಗೇಣು ಉದ್ದ, ನೆಟ್ಟಗೆ, ಹೊಲಿಗೆ ಹೊಲಿಗೆಯ ನಡುವೆ ಒಂದೇ ಅಂತರ. ಕೊನೆಯ ಎರಡು ಮಾತ್ರ ಸ್ವಲ್ಪ ಬಿಗಿಯಾಗಿವೆ, ಅಲ್ಲಿಗೆ ಬರುವಷ್ಟರಲ್ಲಿ ಡಾಕ್ಟರಿಗೂ ಸುಸ್ತಾಗಿರಬೇಕು. ಪರವಾಗಿಲ್ಲ, ಇಂಥವನು ನನ್ನ ಅಂಗಡಿಗೆ ಬಂದರೆ ಇಟ್ಟುಕೊಳ್ಳುತ್ತೇನೆ ಎಂದೆ. ಅಮ್ಮ ದಿಂಬಿನೊಳಗೆ ಮುಖ ಇಟ್ಟುಕೊಂಡೇ ನಕ್ಕಳು, ನಕ್ಕಿದ್ದಕ್ಕೆ ನೋವಾಗಿ ನನ್ನನ್ನೇ ಬಯ್ದಳು. ನಿನ್ನೆ ರಿಪೋರ್ಟ್ ಬಂತು, ಇದು ಸಾಧು ಗಡ್ಡೆ, ಮತ್ತೆ ಬರುವುದು ಕಡಿಮೆ, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿದರೆ ಸಾಕು ಎಂದರು. ‘ಸಾಧುವಂತೆ ಸಾಧು! ಸಾಧುವಾಗಿದ್ರೆ ಬಾಗಿಲು ತಟ್ಟಿ ಒಳಗೆ ಬರ್ತಿತ್ತು’ ಎಂದಳು. ಹುಡುಗಿ ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಇದೆಲ್ಲ ನಗುವಿನ ಸುದ್ದಿ. ಇನ್ನು ಕಾಲಿನದು. ಬಲಗಾಲು ಚೆನ್ನಾಗಿದೆ, ಮೊದಲ ದಿನವೇ ಒದ್ದಳು. ಎಡಗಾಲಿನ ಹೆಬ್ಬೆರಳು ನಾಲ್ಕನೆಯ ದಿನ ಸ್ವಲ್ಪ ಅಲುಗಿತು. ಈಗ ಮಂಡಿ ಮಡಚುತ್ತಾಳೆ, ಆದರೆ ಪಾದ ಮೇಲೆ ಬರುವುದಿಲ್ಲ. ದಿನಕ್ಕೆ ಎರಡು ಸಲ ಕೆಳಗಿನ ವ್ಯಾಯಾಮದ ಕೋಣೆಗೆ ಕರೆದೊಯ್ಯುತ್ತಾರೆ. ಎರಡು ಕಡೆ ಕಂಬಿ, ನಡುವೆ ಎಂಟು ಹೆಜ್ಜೆ ಜಾಗ. ಇಡೀ ಊರು ಸುತ್ತಿದವಳು ಆ ಎಂಟು ಹೆಜ್ಜೆಗೆ ಕಾಲು ಗಂಟೆ ತೆಗೆದುಕೊಳ್ಳುತ್ತಾಳೆ, ಮೈಯೆಲ್ಲ ಬೆವರು. ಪಾದ ನೆಲಕ್ಕೆ ಉಜ್ಜುವ ಸದ್ದು ಕೇಳಲು ಆಗುವುದಿಲ್ಲ. ಇವತ್ತು ಬೆಳಿಗ್ಗೆ ದೊಡ್ಡ ಡಾಕ್ಟರು ಬಂದು ನೋಡಿ, ಕೋಲು ಹಿಡಿದು ನಡೆಯುತ್ತೀರಿ, ಆದರೆ ಈ ಪಾದ ಪೂರ್ತಿ ವಾಪಸು ಬರುತ್ತದೆಂದು ನಾನು ಹೇಳಲಾರೆ ಎಂದರು. ‘ಬಹಳ ದಿನ ಒತ್ತಿಸಿಕೊಂಡಿದೆ. ಎರಡು ಮೂರು ವರ್ಷ ಮುಂಚೆ ಸಿಕ್ಕಿದ್ರೆ ಚಿತ್ರವೇ ಬೇರೆ ಇರ್ತಿತ್ತು’ ಎಂದರು. ಚೀಲ ಹೊತ್ತು ನಡೆಯುವ ಕೆಲಸ ಇನ್ನಿಲ್ಲ ಎಂದು ಅವಳಿಗೆ ಅಲ್ಲೇ ಅರ್ಥವಾಯಿತು. ಅವರು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಅವಳು ಗೋಡೆಯ ಕಡೆ ತಿರುಗಿ ಅತ್ತದ್ದು ಇದೇ ಮೊದಲು. ಆಮೇಲೆ ಅವಳೇ ಕೈ ಹಿಂದಕ್ಕೆ ಚಾಚಿ ನನ್ನ ಕೈ ಹಿಡಿದು ‘ನೀವ್ಯಾಕೆ ಹೀಗಾಗ್ತೀರಿ? ನಿಮ್ಮ ಕಣ್ಣಿಗೇ ಬೀಳ್ಲಿಲ್ಲ ಅಂದ್ಮೇಲೆ ಇನ್ಯಾರ ಕಣ್ಣಿಗೆ ಬೀಳುತ್ತೆ’ ಎಂದಳು. ಅಷ್ಟು ಹೊತ್ತಿಗೆ ಊಟದ ಗಾಡಿ ಬಂತು.

ನನಗೆ ಸುಸ್ತಾಗಿದೆ ಕಣೇ. ಹನ್ನೊಂದು ದಿನದಿಂದ ಕುರ್ಚಿಯಲ್ಲೇ ಮಲಗುತ್ತಿದ್ದೇನೆ, ಕುತ್ತಿಗೆ ಒಂದು ಕಡೆ ತಿರುಗುವುದಿಲ್ಲ. ಬೆಳಿಗ್ಗೆ ಮನೆಗೆ ಹೋಗಿ ಸ್ನಾನ ಮಾಡಿ ಅವಳ ಬಟ್ಟೆ ಒಗೆದು ಹಾಕಿ ಬರುತ್ತೇನೆ. ಮನೆಯಲ್ಲಿ ಗಡಿಯಾರ ನಿಂತಿದೆ, ಕೀ ಕೊಡುವವಳು ಇಲ್ಲಿದ್ದಾಳೆ. ಅಂಗಡಿಯ ಬಾಗಿಲಿಗೆ ಯಾರೋ ‘ನನ್ನ ಕೋಟು ಯಾವಾಗ?’ ಎಂದು ಚೀಟಿ ಸಿಕ್ಕಿಸಿ ಹೋಗಿದ್ದಾರೆ. ಓದಿ ಅಲ್ಲೇ ಬಿಟ್ಟೆ. ಏನೂ ಮಾಡದೆ ಸುಮ್ಮನೆ ಎಲ್ಲಾದರೂ ಕೂತುಬಿಡೋಣ ಅನಿಸುತ್ತದೆ, ಆದರೆ ದಿನವಿಡೀ ಮಾಡುತ್ತಿರುವುದು ಅದನ್ನೇ.

ಇನ್ನು ನಿನ್ನ ಜಗಳದ ವಿಷಯ. ಮೂರು ವರ್ಷದ ಹಿಂದೆ ನೀನು ರಜೆಗೆ ಬಂದಿದ್ದಾಗ, ಅಮ್ಮ ಮೆಟ್ಟಿಲಿಳಿಯುವುದನ್ನು ನೋಡಿ ‘ಅಮ್ಮ ಕಾಲೆಳೀತಿದಾಳೆ, ನಿಮಗೆ ಕಣ್ಣು ಕಾಣಲ್ವಾ ಅಪ್ಪಾ?’ ಎಂದೆ. ನಾನು ‘ಮೂವತ್ತು ವರ್ಷದಿಂದ ಜನರ ಮೈ ಅಳೆದವನಿಗೆ ಹಡಗಲ್ಲಿ ಸೌಟು ತಿರುಗಿಸೋಳು ಹೇಳಿಕೊಡಬೇಡ’ ಎಂದೆ. ಅಂದದ್ದು ಅಷ್ಟೇ ಅಲ್ಲ, ಉಳಿದದ್ದು ಬರೆಯಲು ನಾಚಿಕೆಯಾಗುತ್ತದೆ. ನೀನು ರಜೆ ಮುಗಿಯುವ ಮುಂಚೆಯೇ ಪೆಟ್ಟಿಗೆ ಎತ್ತಿಕೊಂಡು ಹೋದೆ, ಅಮ್ಮ ಬಾಗಿಲಲ್ಲಿ ನಿಂತೇ ಇದ್ದಳು. ನೀನು ಹೇಳಿದ್ದು ಸರಿ, ನಾನು ಆಡಿದ್ದು ತಪ್ಪು. ಅವಳ ಯೂನಿಫಾರಂ ಪ್ಯಾಂಟು ಎಡಗಡೆ ಸ್ವಲ್ಪ ಸಡಿಲ ಕಂಡಿತ್ತು, ನಿಜ. ಬಟ್ಟೆ ಒಗೆತದಲ್ಲಿ ಹಿಗ್ಗಿದೆ, ಪೋಸ್ಟಿನವರು ಕೊಡುವ ಬಟ್ಟೆಯೇ ಅಂಥದ್ದು ಎಂದುಕೊಂಡು ಹಿಡಿದು ಹೊಲಿದುಕೊಟ್ಟೆ. ಕೈತಪ್ಪು, ಕಣ್ತಪ್ಪು, ಏನಾದರೂ ಅನ್ನು. ಅಪ್ಪನನ್ನು ಕ್ಷಮಿಸು. ಇದನ್ನು ಬರೆಯಲು ಮೂರು ವರ್ಷ ಬೇಕಾಯಿತು ನೋಡು, ನಾನು ಎಂಥ ಮೊಂಡನೆಂದು ನಿನಗೆ ಗೊತ್ತೇ ಇದೆ.

ಹೊತ್ತು ಹೊತ್ತಿಗೆ ಊಟ ಮಾಡು, ನೀನು ಬಡಿಸುವುದೇ ಆಯಿತು, ತಿನ್ನುವುದನ್ನೂ ಕಲಿ. ಡೆಕ್ಕಿನ ಮೇಲೆ ಗಾಳಿಗೆ ತಲೆ ಒಡ್ಡಿಕೊಂಡು ನಿಲ್ಲಬೇಡ. ಅಮ್ಮ ಮಲಗಿದ್ದಾಳೆ, ಎದ್ದಿದ್ದರೆ ನೂರೆಂಟು ಸೇರಿಸುತ್ತಿದ್ದಳು. ನೀನು ಎಲ್ಲಿದ್ದರೂ ಚೆನ್ನಾಗಿರು. ನಮ್ಮಿಬ್ಬರ ಆಯಸ್ಸಿನಲ್ಲೂ ಒಂದಿಷ್ಟು ನಿನಗೇ ಇರಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಬಟ್ಟೆ ಹಿಗ್ಗಿದೆ ಎಂದುಕೊಂಡೆ ಅಂತ ಬರೆದದ್ದು ಸುಳ್ಳು. ಒಗೆತದಲ್ಲಿ ಬಟ್ಟೆ ಒಂದೇ ಕಾಲಿನಲ್ಲಿ ಹಿಗ್ಗುತ್ತದೆಯೇ? ಪ್ರತಿ ವರ್ಷ ಹೊಸ ಯೂನಿಫಾರಂಗೆ ಅವಳ ಅಳತೆ ನಾನೇ ತೆಗೆಯುವುದು. ಐದು ವರ್ಷದ ಹಿಂದೆ ಮೊದಲ ಸಲ ಎಡತೊಡೆ ಬಲತೊಡೆಗಿಂತ ಅರ್ಧ ಇಂಚು ಕಡಿಮೆ ಬಂತು. ಟೇಪು ಬದಲಾಯಿಸಿ ಮೂರು ಸಲ ಅಳೆದೆ, ಅರ್ಧ ಇಂಚೇ. ಮರುವರ್ಷ ಮುಕ್ಕಾಲು. ನೀನು ಕೂಗಾಡಿದ ವರ್ಷ ಒಂದು ಇಂಚು. ಎಡಗಾಲಿನ ಪ್ಯಾಂಟಿನ ತುದಿ ನೆಲಕ್ಕೆ ಉಜ್ಜಿ ಹರಿಯುತ್ತಿತ್ತು, ಒಳಗಿನಿಂದ ಪಟ್ಟಿ ಕೊಟ್ಟು, ಮುಂದಿನ ಕಡೆ ಸ್ವಲ್ಪ ಎತ್ತಿ ಹೊಲಿದೆ. ಇದೇನು ಎಂದು ಅವಳು ಕೇಳಿದಾಗ ಹೊಸ ಫ್ಯಾಷನ್ ಎಂದೆ. ನಂಬಿದಳು. ಕಾಲು ಸೊರಗಿದ್ದು ಬೇರೆಯವರಿಗೆ ಕಾಣಲಿಲ್ಲ, ಅವಳಿಗೂ ಕಾಣಲಿಲ್ಲ, ಏಕೆಂದರೆ ಕಾಣದ ಹಾಗೆ ಹೊಲಿದವನು ನಾನು. ಗೊತ್ತಿತ್ತು ಮಗಳೇ. ಅವಳ ಕಾಲಿಗೆ ಏನೋ ಆಗುತ್ತಿದೆ ಎಂದು ಐದು ವರ್ಷದಿಂದ ಗೊತ್ತಿತ್ತು. ಡಾಕ್ಟರ ಹತ್ತಿರ ಹೋದರೆ ಅದಕ್ಕೊಂದು ಹೆಸರು ಬರುತ್ತದೆ ಎಂದು ಹೆದರಿದೆ. ನನಗೆ ಸರಿಮಾಡಲು ಬರುವುದು ಬಟ್ಟೆ ಒಂದೇ, ಅದನ್ನೇ ಸರಿಮಾಡುತ್ತಾ ಹೋದೆ. ನೀನು ಅಂದು ಬಾಯಿಬಿಟ್ಟು ಹೇಳಿದ್ದಕ್ಕೇ ನಿನ್ನ ಮೇಲೆ ಅಷ್ಟು ಹಾರಾಡಿದ್ದು. ಇಪ್ಪತ್ತೆಂಟಕ್ಕೆ ಅವಳನ್ನು ಮನೆಗೆ ಕಳಿಸುತ್ತಾರೆ. ಅವಳಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಕಾಗಿಲ್ಲ. ಆದರೆ ಹೇಳುವಾಗ ನೀನು ಇರಬೇಕು. ರಜೆ ಹಾಕಿ ಬಾ. ಬಂದು ಅವಳ ಪಕ್ಕದಲ್ಲಿ ಕೂತುಕೋ, ನನ್ನ ಪಕ್ಕದಲ್ಲಲ್ಲ.